ಕ್ರಿಸ್‌ಮಸ್ ಬ್ರಂಚ್‌ಗೆ ದಾಳಿಂಬೆಯ ಬೆಲ್ಲಿನಿ

ಬೆಲ್ಲಿನಿ ಮಾಡಲು ಎರಡೇ ಸಾಮಗ್ರಿ ಸಾಕು: ಹಣ್ಣಿನ ತಿರುಳು ಅಥವಾ ರಸ, ಜೊತೆಗೆ ಗುಳ್ಳೆ ಏಳುವ ಬಿಳಿ ವೈನ್. ಶೇಕರ್ ಬೇಡ, ಐಸ್ ತುಂಡು ಬೇಡ, ಬಾರ್‌ನಲ್ಲಿ ಕೆಲಸ ಮಾಡಿದ ಅನುಭವವೂ ಬೇಡ. ಹಬ್ಬದ ದಿನ ತಿಂಡಿಗೂ ಊಟಕ್ಕೂ ನಡುವೆ, ಹನ್ನೊಂದರ ಹೊತ್ತಿಗೆ ನೆಂಟರು ಬಂದು ಕೂತಾಗ ಕೊಡಲು ಇದಕ್ಕಿಂತ ಚೆಂದದ ಕಾಕ್‌ಟೇಲ್ ನನಗೆ ಗೊತ್ತಿಲ್ಲ. ಹಗುರವಾಗಿದೆ, ನೋಡಲು ಸುಂದರವಾಗಿದೆ, ಹಣ್ಣಿನ ರುಚಿ ನಾಲಿಗೆಗೆ ನೇರವಾಗಿ ಸಿಗುತ್ತದೆ.

ಆದರೆ ಡಿಸೆಂಬರ್‌ನಲ್ಲಿ ಮಾಡಲು ಹೊರಟರೆ ಹಣ್ಣೇ ಮೊದಲ ತೊಡಕು. ಮೂಲ ಬೆಲ್ಲಿನಿಗೆ ಬೇಕಾಗಿರುವುದು ಬಿಳಿ ತಿರುಳಿನ ಪೀಚ್. ಪೀಚ್ ಬೇಸಿಗೆಯ ಹಣ್ಣು. ನಮ್ಮ ದೇಶದಲ್ಲಿ ಅದು ಹಿಮಾಚಲ, ಉತ್ತರಾಖಂಡದ ಕಡೆ ಬೆಳೆಯುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯಿಂದ ಮಾಯವಾಗುತ್ತದೆ. ಹಾಗಂತ ಡಬ್ಬಿಯಲ್ಲಿ ಬರುವ ಪೀಚ್ ತಂದು ರುಬ್ಬಬೇಡಿ. ಸಕ್ಕರೆ ಪಾಕದಲ್ಲಿ ನೆನೆದ ಹಣ್ಣಿನಲ್ಲಿ ಸಿಹಿ ಇರುತ್ತದೆ, ಘಮ ಇರುವುದಿಲ್ಲ. ಘಮವೇ ಇಲ್ಲದ ಮೇಲೆ ಈ ಪಾನೀಯದಲ್ಲಿ ಉಳಿಯುವುದಾದರೂ ಏನು?

ಪರಿಹಾರ ಬೆಲ್ಲಿನಿಯ ಮನೆತನದಲ್ಲೇ ಇದೆ. ವೆನಿಸ್‌ನಲ್ಲಿ 1931ರಲ್ಲಿ ಜುಸೆಪ್ಪೆ ಚಿಪ್ರಿಯಾನಿ ಎಂಬಾತ ಹ್ಯಾರೀಸ್ ಬಾರ್ ತೆರೆದ. 1948ರ ಸುಮಾರಿಗೆ ಅಲ್ಲಿ ಈ ಪಾನೀಯ ಹುಟ್ಟಿತು. ಅದರ ನಸುಗೆಂಪು ಬಣ್ಣ ವೆನಿಸ್‌ನ ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಚಿತ್ರಗಳನ್ನು ನೆನಪಿಸಿತು ಅಂತ ಚಿಪ್ರಿಯಾನಿ ಆ ಹೆಸರನ್ನೇ ಇಟ್ಟ. ಮೊದಮೊದಲು ಪೀಚ್ ಬರುವ ತಿಂಗಳುಗಳಲ್ಲಿ ಮಾತ್ರ ಅಲ್ಲಿ ಇದು ಸಿಗುತ್ತಿತ್ತು. ಪೀಚ್ ಬದಲು ಬೇರೆ ಹಣ್ಣು ಹಾಕಿದ ಬೆಲ್ಲಿನಿಗಳೂ ಇಟಲಿಯಲ್ಲಿ ಬಳಕೆಯಲ್ಲಿವೆ. ದಾಳಿಂಬೆ ರಸ ಹಾಕಿದರೆ ತಿಂತೊರೆತ್ತೊ. ಕಿತ್ತಳೆಯಾದರೆ ಪುಚ್ಚೀನಿ. ಸ್ಟ್ರಾಬೆರಿಯಾದರೆ ರೊಸ್ಸೀನಿ. ಮೊದಲನೆಯದು ವೆನಿಸ್‌ನ ಇನ್ನೊಬ್ಬ ಚಿತ್ರಕಾರನ ಹೆಸರು, ಉಳಿದೆರಡು ಸಂಗೀತಗಾರರದ್ದು. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘ ಬೆಲ್ಲಿನಿಯ ಜೊತೆಗೇ ಈ ಮೂರನ್ನೂ ಹೆಸರಿಸಿದೆ.

ಈಗ ನಮ್ಮ ಡಿಸೆಂಬರ್ ಸಂತೆ ನೋಡಿ. ವಿಜಯಪುರ, ಬಾಗಲಕೋಟೆ, ಚಿತ್ರದುರ್ಗದ ಕಡೆ ಬೆಳೆಯುವ ದಾಳಿಂಬೆ ಇದೆ. ಕೊಡಗಿನ ಕಿತ್ತಳೆ ಇದೆ, ನಾಗಪುರದ್ದೂ ಇದೆ. ಮಹಾಬಲೇಶ್ವರದ ಸ್ಟ್ರಾಬೆರಿ ಆಗತಾನೇ ಶುರುವಾಗಿರುತ್ತದೆ. ಮೂರಕ್ಕೆ ಮೂರೂ ಕೈಗೆ ಸಿಗುತ್ತವೆ. ಪೀಚ್ ಹುಡುಕಿಕೊಂಡು ಅಲೆಯುವ ಬದಲು ತಿಂತೊರೆತ್ತೊ ಮಾಡಿ. ಹಬ್ಬದ ಮೇಜಿಗೆ ಆ ಕಡುಗೆಂಪು ಚೆನ್ನಾಗಿ ಒಪ್ಪುತ್ತದೆ.

ಯಾವ ವೈನ್?

ಬೆಲ್ಲಿನಿಗೆ ಮೊದಲಿನಿಂದಲೂ ಹಾಕುವುದು ಪ್ರೊಸೆಕ್ಕೊ. ವೆನಿಸ್ ಸುತ್ತಲಿನ ವೆನೆತೊ ಪ್ರಾಂತ್ಯ ಮತ್ತು ಪಕ್ಕದ ಫ್ರಿಯುಲಿಯಲ್ಲಿ ಗ್ಲೇರಾ ಎಂಬ ದ್ರಾಕ್ಷಿಯಿಂದ ಇದನ್ನು ಮಾಡುತ್ತಾರೆ. ಇದರ ಗುಳ್ಳೆ ಹುಟ್ಟುವುದು ಸಾಮಾನ್ಯವಾಗಿ ದೊಡ್ಡ ಸ್ಟೀಲ್ ಟ್ಯಾಂಕ್‌ನಲ್ಲಿ. ಹಾಗಾಗಿ ದ್ರಾಕ್ಷಿಯ ತಾಜಾ ಹಣ್ಣಿನ ಘಮ ಉಳಿದುಕೊಳ್ಳುತ್ತದೆ. ಶಾಂಪೇನ್‌ನಲ್ಲಿ ಗುಳ್ಳೆ ಹುಟ್ಟಿಸುವ ಎರಡನೇ ಹುದುಗು ಬಾಟಲಿಯೊಳಗೇ ನಡೆಯುತ್ತದೆ. ಈಸ್ಟ್ ಜೊತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದ್ದು ಅದಕ್ಕೆ ಬೇಕರಿ ಬ್ರೆಡ್ಡಿನಂಥ ಘಮ ಬರುತ್ತದೆ. ಅಷ್ಟು ಕಾಲ, ಅಷ್ಟು ಶ್ರಮ ಕೂಡಿ ಬಂದ ಘಮ ದಾಳಿಂಬೆ ರಸದಡಿ ಮುಚ್ಚಿಹೋಗುತ್ತದೆ. ಒಳ್ಳೆಯ ಶಾಂಪೇನ್ ಸಿಕ್ಕರೆ ಅದನ್ನು ಹಾಗೇ ಕುಡಿಯಿರಿ, ಇದಕ್ಕೆ ಸುರಿಯಬೇಡಿ.

ಪ್ರೊಸೆಕ್ಕೊ ಸಿಗದಿದ್ದರೆ ನಾಶಿಕ್ ಕಡೆ ತಯಾರಾಗುವ ಸುಲಾ ಅಥವಾ ಶಾಂಡನ್‌ನ ಬ್ರೂಟ್ (ಸಿಹಿ ಕಡಿಮೆ ಇರುವ ಬಗೆ) ಧಾರಾಳವಾಗಿ ಆಗುತ್ತದೆ. ಇವು ಬಾಟಲಿಯಲ್ಲೇ ಗುಳ್ಳೆ ಕಟ್ಟುವ ವೈನ್‌ಗಳಾದರೂ ಹಣ್ಣಿನ ಜೊತೆ ಚೆನ್ನಾಗಿ ಹೊಂದುತ್ತವೆ. ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡುವ ಕಪ್ಪು ದ್ರಾಕ್ಷಿಯ ವೈನ್ ಮಾತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಗುಳ್ಳೆ ಇಲ್ಲ, ಸಿಹಿಯೂ ಜಾಸ್ತಿ.

ಬಾಟಲಿಯ ಮೇಲಿನ ಒಂದು ಮಾತನ್ನು ಗಮನವಿಟ್ಟು ಓದಿ. ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ತುಂಬಾ ಕಡಿಮೆ ಸಿಹಿ ಅಂತ ಅನೇಕರು ತಿಳಿಯುತ್ತಾರೆ. ನಿಜಕ್ಕೂ ಅದು ‘ಬ್ರೂಟ್’ಗಿಂತ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುತ್ತದೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17 ಗ್ರಾಂ. ಬರೀ ‘ಡ್ರೈ’ ಎಂದಿದ್ದರೆ ಇನ್ನೂ ಜಾಸ್ತಿ. ನಮ್ಮ ಕೆಂಪು ದಾಳಿಂಬೆ, ಅದರಲ್ಲೂ ಭಗವಾ ತಳಿಯದ್ದು, ಸಾಕಷ್ಟು ಸಿಹಿ. ಅದಕ್ಕೆ ಬ್ರೂಟ್ ಸರಿ. ಹುಳಿ ಮುಂದಾದ ಸ್ಟ್ರಾಬೆರಿಗೆ ಎಕ್ಸ್‌ಟ್ರಾ ಡ್ರೈ ಹೊಂದುತ್ತದೆ.

ಎಷ್ಟು ಬೇಕು?

ಒಂದು ಗ್ಲಾಸಿಗೆ 50 ಮಿಲಿ ರಸ, 100 ಮಿಲಿ ವೈನ್. 750 ಮಿಲಿ ಬಾಟಲಿಯಲ್ಲಿ ಏಳು ಗ್ಲಾಸ್ ಆಗುತ್ತದೆ. ಅದಕ್ಕೆ 350 ಮಿಲಿ ರಸ ಬೇಕು, ಅಂದರೆ ದೊಡ್ಡ ದಾಳಿಂಬೆ ನಾಲ್ಕೈದು. ಹಣ್ಣು ಆರಿಸುವಾಗ ಸಿಪ್ಪೆಯ ಬಣ್ಣಕ್ಕಿಂತ ತೂಕ ನೋಡಿ. ಒಂದೇ ಗಾತ್ರದ ಎರಡರಲ್ಲಿ ಭಾರವಾಗಿರುವುದನ್ನು ತೆಗೆದುಕೊಳ್ಳಿ, ಅದರಲ್ಲಿ ರಸ ಜಾಸ್ತಿ. ಉಳಿದಂತೆ ಒಂದು ನಿಂಬೆಹಣ್ಣು, ಅಷ್ಟೇ.

ರಸ ತೆಗೆಯುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲಿ. ದಾಳಿಂಬೆಯನ್ನು ಹಿಂದಿನ ರಾತ್ರಿಯೇ ಬಿಡಿಸಿಡಿ. ಕಾಳುಗಳ ನಡುವಿನ ಬಿಳಿ ಪೊರೆ ಒಂದಿಷ್ಟೂ ಉಳಿಯಬಾರದು, ಅದು ಒಗರು. ಬಿಡಿಸಿದ ಕಾಳನ್ನು ನೀರಿಗೆ ಹಾಕಿದರೆ ಪೊರೆಯ ಚೂರುಗಳು ಮೇಲೆ ತೇಲುತ್ತವೆ, ತೆಗೆಯುವುದು ಸುಲಭ. ಆಮೇಲೆ ನೀರು ಪೂರ್ತಿ ಬಸಿಯಿರಿ.

ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಬೇಡಿ. ಕಾಳಿನೊಳಗಿನ ಬೀಜ ಪುಡಿಯಾದರೆ ರಸ ಕಹಿಯಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಕಾಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರಡಿಸಿ, ಬಾಯಿ ಕಟ್ಟಿ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತುತ್ತಾ ಉರುಳಿಸಿ. ಕಾಳು ಒಡೆದು ರಸ ಬಿಡುತ್ತದೆ, ಬೀಜ ಹಾಗೇ ಉಳಿಯುತ್ತದೆ. ಮಿಕ್ಸಿಯೇ ಬೇಕು ಎನ್ನುವವರು ಎರಡು ಮೂರು ಸಲ ಒಂದೊಂದು ಕ್ಷಣ ಮಾತ್ರ ತಿರುಗಿಸಿ ನಿಲ್ಲಿಸಿ.

ರಸವನ್ನು ಜಾಲರಿಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಎರಡನೇ ಸಲ ಸೋಸುವುದನ್ನು ಬಿಡಬೇಡಿ. ಗ್ಲಾಸಿನಲ್ಲಿ ವೈನಿನ ಗುಳ್ಳೆ ಹುಟ್ಟುವುದು ಸಣ್ಣ ಸಣ್ಣ ಕಣಗಳ ಸುತ್ತ. ರಸದಲ್ಲಿ ನಾರು, ತಿರುಳು ಎಷ್ಟು ಜಾಸ್ತಿಯೋ ಅಷ್ಟು ರಭಸವಾಗಿ ನೊರೆ ಉಕ್ಕುತ್ತದೆ. ಅರ್ಧ ಗುಳ್ಳೆ ಮೇಜಿನ ಮೇಲೆ ಹರಿದುಹೋಗುತ್ತದೆ, ಉಳಿದ ಪಾನೀಯ ಬೇಗ ಸಪ್ಪೆಯಾಗುತ್ತದೆ.

ಸೋಸಿದ ರಸಕ್ಕೆ ಏಳೆಂಟು ಹನಿ ನಿಂಬೆರಸ ಹಾಕಿ ರುಚಿ ನೋಡಿ. ಸಿಹಿ ಸಾಲದು ಅನ್ನಿಸಿದರೆ ಒಂದು ಚಮಚ ಸಕ್ಕರೆ ಪಾಕ ಸೇರಿಸಿ. ಪಾಕಕ್ಕೆ ಸಕ್ಕರೆ, ನೀರು ಸಮಸಮ ತೂಕದಲ್ಲಿ ಹಾಕಿ ಕರಗುವವರೆಗೆ ಬಿಸಿ ಮಾಡಿ ಆರಿಸಿದರೆ ಸಾಕು, ಎಳೆ ಬರಿಸಬೇಕಿಲ್ಲ. ರಸವನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

ಕಿತ್ತಳೆ ಆರಿಸಿಕೊಂಡರೆ ಈ ಲೆಕ್ಕ ಬೇರೆ. ಕಿತ್ತಳೆ ರಸವನ್ನು ಹಿಂದಿನ ದಿನ ಹಿಂಡಿಡಬೇಡಿ. ಹೊತ್ತು ಹೋದಂತೆ ಅದರಲ್ಲಿ ಕಹಿ ಮೂಡುತ್ತದೆ. ಬೆಳಗ್ಗೆಯೇ ತೊಳೆ ಬಿಡಿಸಿ, ಬೀಜ ತೆಗೆದು, ಕೈಯಲ್ಲಿ ಹಿಂಡಿ ಸೋಸಿ. ಸಿಪ್ಪೆಯನ್ನು ಒತ್ತಿ ಅದರ ಎಣ್ಣೆ ರಸಕ್ಕೆ ಇಳಿಯದಂತೆ ನೋಡಿಕೊಳ್ಳಿ. ಎಣ್ಣೆಯ ಅಂಶ ನೊರೆಯನ್ನು ಕೊಲ್ಲುತ್ತದೆ. ಸ್ಟ್ರಾಬೆರಿಯನ್ನು ಮಾತ್ರ ಮಿಕ್ಸಿಯಲ್ಲಿ ರುಬ್ಬಿ ಸೋಸಬಹುದು.

ತಣ್ಣಗಿದ್ದರೆ ಅರ್ಧ ಕೆಲಸ ಆದಂತೆ

ವೈನ್, ರಸ, ಗ್ಲಾಸ್ ಮೂರೂ ತಣ್ಣಗಿರಬೇಕು. ತಂಪಾದ ದ್ರವ ಇಂಗಾಲದ ಡೈಆಕ್ಸೈಡನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಾದರೆ ಬಿಟ್ಟುಬಿಡುತ್ತದೆ. ವೈನ್ 6ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಚೆಂದ. ಬಾಟಲಿಯನ್ನು ನಾಲ್ಕು ಗಂಟೆ ಮೊದಲೇ ಫ್ರಿಜ್‌ಗೆ ಹಾಕಿ. ಮರೆತಿದ್ದರೆ ಬಕೆಟ್‌ನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿ ಮುಳುಗಿಸಿ. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಬರೀ ಐಸ್ ತುಂಬಿದರೆ ಇಷ್ಟು ಬೇಗ ಆಗುವುದಿಲ್ಲ, ನೀರು ಇದ್ದರೇ ಬಾಟಲಿಯ ಸುತ್ತಲೂ ತಂಪು ತಾಗುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆಯಬೇಡಿ, ಬಾಟಲಿ ಒಡೆಯಬಹುದು.

ಬಡಿಸುವಾಗ ಐಸ್ ಹಾಕುವುದು ಬೇಡ. ಹಣ್ಣಿನ ರುಚಿ ನೀರಾಗುತ್ತದೆ.

ಗ್ಲಾಸ್ ಯಾವುದು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉದ್ದನೆಯ ಫ್ಲೂಟ್ ಇದ್ದರೆ ಒಳ್ಳೆಯದು. ಹ್ಯಾರೀಸ್ ಬಾರ್‌ನಲ್ಲೇ ಬೆಲ್ಲಿನಿಯನ್ನು ಕಾಂಡವಿಲ್ಲದ ಸಣ್ಣ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಸೋಪಿನ ಅಂಶ ಉಳಿಯದಂತೆ ಚೆನ್ನಾಗಿ ತೊಳೆಯುವುದು ಮುಖ್ಯ. ಅದು ಉಳಿದರೂ ನೊರೆ ನಿಲ್ಲುವುದಿಲ್ಲ.

ಬಾಟಲಿ ತೆರೆಯುವಾಗ ಜೋಪಾನ

ಸಿನಿಮಾದಲ್ಲಿ ತೋರಿಸುವ ಹಾಗೆ ಬಾಟಲಿ ಅಲ್ಲಾಡಿಸಿ ಬಿರಡೆ ಹಾರಿಸುವುದು ದಯವಿಟ್ಟು ಬೇಡ. ಇಂಥ ಬಾಟಲಿಯೊಳಗೆ ಮೂರು ವಾತಾವರಣದಷ್ಟು ಅಥವಾ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ, ಶಾಂಪೇನ್‌ನಲ್ಲಿ ಆರರ ಹತ್ತಿರ. ಹಾರಿದ ಬಿರಡೆ ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳು ಓಡಾಡುವ ಮನೆಯಲ್ಲಂತೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೇಲಿನ ಹಾಳೆ ಬಿಚ್ಚಿ. ಬಿರಡೆಯ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಂಡೇ ತಂತಿಯ ಬಲೆಯನ್ನು ಸಡಿಲಿಸಿ, ಸಾಮಾನ್ಯವಾಗಿ ಆರು ಅರ್ಧ ಸುತ್ತು ತಿರುಗಿಸಬೇಕು. ತಂತಿ ಸಡಿಲವಾದ ಮೇಲೆ ಬೆರಳು ತೆಗೆಯಲೇಬೇಡಿ. ಬಾಟಲಿಯ ಮೇಲೆ ಒಂದು ಬಟ್ಟೆ ಹೊದಿಸಿ, ಯಾರೂ ಇಲ್ಲದ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಒಂದು ಕೈಯಲ್ಲಿ ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಬಾಟಲಿಯ ತಳವನ್ನು ತಿರುಗಿಸಿ. ಬಿರಡೆ ತಾನಾಗಿ ಮೇಲೇಳುವಾಗ ಅದನ್ನು ಕೆಳಕ್ಕೆ ಒತ್ತಿ ತಡೆಯಿರಿ. ‘ಡಬ್’ ಅನ್ನಬಾರದು, ‘ಉಸ್’ ಅನ್ನಬೇಕು. ಕಾರ್ಕ್ ತೆಗೆಯುವ ಸ್ಕ್ರೂ ಇಲ್ಲಿ ಬಳಸಲೇಬಾರದು.

ಬೆರೆಸುವುದು

ಮೊದಲು ರಸ, ಆಮೇಲೆ ವೈನ್. ಗ್ಲಾಸಿಗೆ 50 ಮಿಲಿ ರಸ ಹಾಕಿ. ಗ್ಲಾಸನ್ನು ಸ್ವಲ್ಪ ಓರೆ ಮಾಡಿ, ಅದರ ಗೋಡೆಗುಂಟ ವೈನ್ ಇಳಿಯುವಂತೆ ಮೂರನೇ ಒಂದು ಭಾಗದಷ್ಟು ಸುರಿದು ನಿಲ್ಲಿಸಿ. ನೊರೆ ಏಳುತ್ತದೆ. ಅದು ಕೂರುವವರೆಗೆ ಕಾಯಿರಿ. ಮತ್ತೆ ಸುರಿಯಿರಿ, ಮತ್ತೆ ನಿಲ್ಲಿಸಿ. ತುಂಬಿದ ಮೇಲೆ ಉದ್ದ ಹಿಡಿಯ ಚಮಚವನ್ನು ತಳದವರೆಗೆ ಇಳಿಸಿ ಒಂದೇ ಸಲ ಮೆಲ್ಲಗೆ ಮೇಲಕ್ಕೆತ್ತಿ. ತಳದಲ್ಲಿ ಕೂತ ರಸ ಮೇಲೆ ಬಂದು ಬೆರೆಯುತ್ತದೆ. ಗರಗರ ತಿರುಗಿಸಿದರೆ ಗುಳ್ಳೆ ಹೋಗುತ್ತದೆ. ಕೊನೆಗೆ ನಾಲ್ಕೈದು ದಾಳಿಂಬೆ ಕಾಳು ಹಾಕಿ. ಗುಳ್ಳೆ ಅಂಟಿಕೊಂಡು ಕಾಳು ಮೇಲೇರುತ್ತದೆ, ಗುಳ್ಳೆ ಒಡೆದಾಗ ಇಳಿಯುತ್ತದೆ. ಮಕ್ಕಳಿಗೆ ಕೊಡುವ ಸೋಡಾ ಗ್ಲಾಸಿಗೂ ಒಂದಿಷ್ಟು ಹಾಕಿ, ಅವರು ಅದನ್ನೇ ನೋಡುತ್ತಾ ಕೂರುತ್ತಾರೆ.

ಹೌದು, ಕುಡಿಯದವರಿಗೂ ಇದೇ ಅಕ್ಕರೆಯಿಂದ ಮಾಡಿ. ಬಾಟಲಿ ಜ್ಯೂಸ್ ತಂದು ಅವರ ಮುಂದಿಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ದಾಳಿಂಬೆ ರಸ 60 ಮಿಲಿ, ಅರ್ಧ ಚಮಚ ನಿಂಬೆರಸ, ಒಂದು ಚಮಚ ಸಕ್ಕರೆ ಪಾಕ, ಮೇಲೆ 100 ಮಿಲಿ ತಣ್ಣನೆಯ ಸೋಡಾ. ಅದೇ ಥರದ ಗ್ಲಾಸ್, ಅವೇ ಕಾಳು. ಆದರೆ ಬೇರೆ ತಟ್ಟೆಯಲ್ಲಿ ಇಟ್ಟು, ಯಾವುದು ಯಾವುದೆಂದು ಹೇಳಿಯೇ ಕೊಡಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ಅಲ್ವಾ?

ಪ್ರೊಸೆಕ್ಕೊದಲ್ಲಿ ಆಲ್ಕೋಹಾಲ್ ಸುಮಾರು ಶೇ 11. ರಸ ಬೆರೆಸಿದ ಮೇಲೆ ಶೇ 7ರ ಆಸುಪಾಸು, ಸಾಮಾನ್ಯ ಬಿಯರ್‌ಗಿಂತ ಜಾಸ್ತಿಯೇ. ಹಣ್ಣಿನ ಸಿಹಿಯಲ್ಲಿ ಅದು ಗೊತ್ತಾಗುವುದಿಲ್ಲ. ಖಾಲಿ ಹೊಟ್ಟೆಗೆ ಕೊಡಬೇಡಿ. ಗಾಡಿ ಓಡಿಸುವವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು ಸೋಡಾ ಗ್ಲಾಸ್ ಹಿಡಿಯಲಿ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ, ಮನೆಯಲ್ಲೂ ಅದನ್ನೇ ಪಾಲಿಸಿ.

ಜೊತೆಗೆ ತಿನ್ನಲು ಉಪ್ಪು, ಖಾರ, ಕರಿದದ್ದು ಚೆನ್ನಾಗಿರುತ್ತದೆ. ಕಟ್ಲೆಟ್, ಆಮ್ಲೆಟ್, ಹುರಿದ ಗೋಡಂಬಿ ಯಾವುದಾದರೂ ಸರಿ. ಮಂಗಳೂರಿನ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕುಸ್ವಾರ್ ತಟ್ಟೆಯಿಂದ ಚಕ್ಕುಲಿಯನ್ನು ಇದರ ಪಕ್ಕಕ್ಕೆ ಇಡಿ. ಸಿಹಿ ತಿಂಡಿ, ಪ್ಲಮ್ ಕೇಕ್ ಆಮೇಲೆ ಬರಲಿ. ಬಾಯಿ ಸಿಹಿಯಾದ ಮೇಲೆ ಬ್ರೂಟ್ ವೈನ್ ಹುಳಿ ಅನ್ನಿಸುತ್ತದೆ.

ಬಾಟಲಿಯಲ್ಲಿ ವೈನ್ ಉಳಿದರೆ ಬಾಯಿಗೆ ಚಮಚ ಸಿಕ್ಕಿಸಿಟ್ಟರೆ ಗುಳ್ಳೆ ಉಳಿಯುತ್ತದೆ ಅಂತ ಹೇಳುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಬಿಗಿಯಾಗಿ ಕೂರುವ ಸ್ಪಾರ್ಕ್ಲಿಂಗ್ ವೈನ್ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ, ಮರುದಿನದೊಳಗೆ ಮುಗಿಸಿ. ಉಳಿದ ದಾಳಿಂಬೆ ರಸಕ್ಕೆ ಅರ್ಧದಷ್ಟು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಗಟ್ಟಿ ಮಾಡಿ, ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಹೊಸ ವರ್ಷದ ಬೆಳಗ್ಗೆ ಒಂದೊಂದು ಚಮಚ ಗ್ಲಾಸಿನ ತಳಕ್ಕೆ ಹಾಕಿ ಮೇಲೆ ವೈನ್ ಅಥವಾ ಸೋಡಾ ಸುರಿದರೆ ಸಾಕು.