ದಪ್ಪಗಿರುವ ಮಗುವಿಗೆ ಬೇರೆ ತಟ್ಟೆ ಇಡಬೇಡಿ

ಅಣ್ಣನಿಗೆ ಒಣ ಚಪಾತಿ, ಸಣಕಲ ತಮ್ಮನಿಗೆ ತುಪ್ಪದ ದೋಸೆ. ಮಗುವಿನ ತೂಕ ಸರಿಪಡಿಸಲು ಹೊರಟ ಮನೆಗಳು ಎಡವುವುದು ಇಲ್ಲೇ. ಎರಡು ವಾರ ಕಳೆಯುವಷ್ಟರಲ್ಲಿ ಅಣ್ಣ ಕದ್ದು ತಿನ್ನುವುದನ್ನು ಕಲಿತಿರುತ್ತಾನೆ. ನಿಯಮ ಯಾವುದೇ ಇರಲಿ, ತಾತನಿಂದ ಹಿಡಿದು ಎಲ್ಲರಿಗೂ ಒಂದೇ.

ಮೊದಲು ಅಳತೆ. ಮಕ್ಕಳ ವೈದ್ಯರ ಬಳಿ ಎತ್ತರ, ತೂಕ ಎರಡನ್ನೂ ನೋಡಿಸಿ, ವಯಸ್ಸಿಗೆ ತಕ್ಕ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬ ಲೆಕ್ಕ) ಪಟ್ಟಿಯಲ್ಲಿ ಗುರುತು ಹಾಕಿಸಿ. ದೊಡ್ಡವರ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಅದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಇರಬಹುದು. ಜೋರು ಗೊರಕೆ, ಮಂಡಿನೋವು, ಎತ್ತರ ನಿಂತುಹೋಗಿರುವುದು ಇದ್ದರೂ ವೈದ್ಯರಿಗೆ ಹೇಳಿ. ಬೆಳೆಯುವ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ತೂಕ ಇಳಿಯಬೇಕೆಂದೇನೂ ಇಲ್ಲ, ಇದ್ದಲ್ಲೇ ನಿಂತರೆ ಎತ್ತರ ಅದನ್ನು ಸರಿದೂಗಿಸುತ್ತದೆ. ಮೂರು ತಿಂಗಳಿಗೊಮ್ಮೆ ತೂಗಿದರೆ ಸಾಕು. ನೆಂಟರ ಮುಂದೆ ತಕ್ಕಡಿ ತೆಗೆಯಲೇಬೇಡಿ.

ಎರಡನೆಯದು ದಿನಸಿ ಚೀಟಿ. ನಾಲ್ಕು ಜನರ ಮನೆಗೆ ತಿಂಗಳಿಗೆ 2 ಲೀಟರ್ ಎಣ್ಣೆ, ಅಂದರೆ ಒಂದು ಲೀಟರಿನ ಪ್ಯಾಕೆಟ್ 15 ದಿನ ಬರಬೇಕು. ಹಾಲಿಗೆ ಬೆರೆಸುವ ಪುಡಿಗಳನ್ನು ಬಿಡಿ. ಡಬ್ಬದ ಹಿಂಬದಿಯ ಪಟ್ಟಿಯಲ್ಲಿ ಮೊದಲ ಎರಡು ಮೂರು ಹೆಸರುಗಳಲ್ಲೇ ಸಕ್ಕರೆ ಸಿಗುತ್ತದೆ. ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿತ್ತು.

ಕಷ್ಟದ್ದು ಮೂರನೆಯದು: ಶಾಲೆ ಬಿಟ್ಟ ಮೇಲಿನ ಒಂದು ಗಂಟೆ. ಮಗು ಬ್ಯಾಗ್ ಎಸೆದು ಒಳಗೆ ಬರುವಾಗ ಹಸಿವು ನೆತ್ತಿಗೇರಿರುತ್ತದೆ. ಆಗ ಅಕ್ಕಿ ತೊಳೆಯಲು, ತರಕಾರಿ ಹೆಚ್ಚಲು ಶುರುಮಾಡಿದರೆ ಕೈ ನಿಪ್ಪಟ್ಟಿನ ಡಬ್ಬಕ್ಕೆ ಹೋಗಿಯೇ ಹೋಗುತ್ತದೆ. ಆದ್ದರಿಂದ ತಿಂಡಿ ನಾಲ್ಕೂವರೆಗೆ ಮುಂಚೆಯೇ ತಟ್ಟೆಯಲ್ಲಿ ಇರಬೇಕು. ಸುಲಭದ್ದು ಗುಗ್ಗರಿ. ತಲೆಗೊಂದು ಹಿಡಿ ಕಾಳು ರಾತ್ರಿಯೇ ನೆನೆಹಾಕಿ. ಹೆಸರುಕಾಳಿಗೆ ಒಂದು ವಿಷಲ್, ಅಲಸಂದೆಗೆ ಎರಡು ಮೂರು, ಕಡಲೆಗೆ ನಾಲ್ಕೈದು. ಕಟ್ಟನ್ನು ರಾತ್ರಿಯ ಬಸ್ಸಾರಿಗೆ ಎತ್ತಿಡಿ. ಒಗ್ಗರಣೆಗೆ ಎಲ್ಲರಿಗೂ ಸೇರಿ ಒಂದು ಟೀ ಚಮಚ ಎಣ್ಣೆ, ಮೇಲೆ ಈರುಳ್ಳಿ, ಟೊಮೆಟೊ, ನಿಂಬೆಹುಳಿ. ಅರ್ಧ ಹೋಳು ಕಾಯಿ ತುರಿದು ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಕಾಳು ನೆನೆಹಾಕಲು ಮರೆತ ದಿನ ಕಡಲೆಪುರಿಗೆ ಕ್ಯಾರೆಟ್ ತುರಿದು ಕೊಡಿ, ಖಾರಾಸೇವೆ ಬೇಡ. ಹಣ್ಣನ್ನು ಹೋಳು ಮಾಡಿ ಕೊಡಿ, ಜ್ಯೂಸ್ ಮಾಡಬೇಡಿ. ಒಂದು ಲೋಟಕ್ಕೆ ಮೂರು ಕಿತ್ತಳೆ ಹಿಂಡುತ್ತೇವೆ, ಕೈಯಲ್ಲಿ ಸುಲಿದು ಮೂರನ್ನು ಯಾರೂ ತಿನ್ನುವುದಿಲ್ಲ. ನಿಪ್ಪಟ್ಟು, ಚಕ್ಕುಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು ಪ್ರಯೋಜನವಿಲ್ಲ, ಮಕ್ಕಳಿಗೆ ಸ್ಟೂಲ್ ಎಲ್ಲಿದೆಯೆಂದು ಗೊತ್ತು. ಹಬ್ಬಕ್ಕೆ ಮಾಡಿ, ಹಬ್ಬದಲ್ಲೇ ಮುಗಿಸಿ. ಬಹುಮಾನವೆಂದು ಬೇಕರಿ ಪಫ್ಸ್ ಕೊಡಿಸುವ ಅಭ್ಯಾಸ ಅಪ್ಪಂದಿರದು, ಅದನ್ನೂ ಬಿಡಬೇಕು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರಲ್ಲಿ ನಿಷೇಧಿಸಿತು ನಿಜ, ಎಣ್ಣೆ ಮಾತ್ರ ಅಷ್ಟೇ ಇದೆ.

ರಾತ್ರಿ ಊಟಕ್ಕೆ ಮುದ್ದೆಯೇ ಇರಲಿ. ಆದರೆ ರಾಗಿ ತಿಂದರೆ ತಾನಾಗಿ ತೆಳ್ಳಗಾಗುತ್ತಾರೆಂಬ ನಂಬಿಕೆ ಬಿಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಹೊಟ್ಟೆ ತುಂಬಿತೆಂದು ಗೊತ್ತಾಗುವಷ್ಟರಲ್ಲಿ ಎರಡನೆಯ ಮುದ್ದೆ ಮುಗಿದಿರುತ್ತದೆ. ಮೊದಲು ಒಂದು ಬಟ್ಟಲು ಕೋಸಂಬರಿ, ಆಮೇಲೆ ಕಿತ್ತಳೆ ಗಾತ್ರದ ಒಂದು ಮುದ್ದೆ, ಸೊಪ್ಪಿನ ಸಾರು ಬೇಕಾದಷ್ಟು. ಟಿವಿ ಆರಿಸಿ.

ದಿನಕ್ಕೆ ಒಂದು ಗಂಟೆ ಬೆವರುವಂತೆ ಆಟ. 6ರಿಂದ 12 ವರ್ಷದವರಿಗೆ 9 ಗಂಟೆಗಾದರೂ ನಿದ್ದೆ, ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ. ಭಾನುವಾರ ಎಲ್ಲರೂ ಬೆಟ್ಟ ಹತ್ತಿ: ಕೋಲಾರದವರಿಗೆ ಅಂತರಗಂಗೆ, ತುಮಕೂರಿನವರಿಗೆ ದೇವರಾಯನದುರ್ಗ. ಅಂತರಗಂಗೆಯ ಮೆಟ್ಟಿಲಿಗೆ ಚಿಪ್ಸ್ ಪ್ಯಾಕೆಟ್ ಒಯ್ದರೆ ಕೋತಿಗಳು ಕಿತ್ತುಕೊಳ್ಳುತ್ತವೆ. ನೀರಿನ ಬಾಟಲಿಯೊಂದು ಸಾಕು.