ಬಾದಾಮಿಯ ಬಂಡೆ, ಮನೆಮಂದಿಯ ಹಗ್ಗ

ರಜೆಯಲ್ಲಿ ಏನಾದರೂ ಸಾಹಸ ಮಾಡೋಣವೆಂದು ಮಕ್ಕಳು ಹಟ ಹಿಡಿದರೆ ವಿಜಯಪುರದ ನಮ್ಮಂಥವರು ಮೊದಲು ದಾಂಡೇಲಿಯನ್ನು ನೆನೆಯುತ್ತೇವೆ. ಕಾಳಿ ನದಿಯ ರಾಫ್ಟಿಂಗ್ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅಲ್ಲಿ ಹುಟ್ಟು ಹಾಕುವವರು ನಾವಾದರೂ ದೋಣಿಯನ್ನು ಕಾಯುವವರು ಗೈಡ್. ನಾನು ಬಾದಾಮಿಯ ಬಂಡೆ ಹತ್ತುವುದನ್ನು ಆರಿಸಿಕೊಂಡೆ. ಇಲ್ಲಿ ಒಬ್ಬರು ಮೇಲೆ ಹತ್ತುವಾಗ ಮತ್ತೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯಬೇಕು, ಆದ್ದರಿಂದ ಮನೆಯವರಲ್ಲಿ ಯಾರೂ ಬರಿಯ ಪ್ರೇಕ್ಷಕರಾಗಿ ಉಳಿಯುವುದಿಲ್ಲ. ಹತ್ತುವವರಿಗಿಂತ ಹಗ್ಗ ಹಿಡಿಯುವವರ ಕೆಲಸವೇ ದೊಡ್ಡದೆಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಬಾದಾಮಿಯ ಕೆಂಪು ಮರಳುಗಲ್ಲು ಅಡ್ಡಡ್ಡ ಪದರಗಳಲ್ಲಿ ಕೂತಿದೆ. ಪದರ ಸವೆದ ಕಡೆಯಲ್ಲೆಲ್ಲ ಬೆರಳಿಗೆ ಸಿಗುವ ಅಂಚು, ಬಿರುಕು, ಗುಳಿಗಳು ಇರುವುದರಿಂದ ಸರಿಯಾದ ಜಾಗ ಆರಿಸಿಕೊಂಡರೆ ಎಂಟೊಂಬತ್ತು ವರ್ಷದ ಮಕ್ಕಳೂ ಹತ್ತಬಹುದು. ಇದೇ ಕಲ್ಲನ್ನು ಕೊರೆದು ಚಾಲುಕ್ಯರು ಗುಹಾಲಯಗಳನ್ನು ಮಾಡಿದರು, ಮೂರನೆಯ ಗುಹೆಯಲ್ಲಿ ಮಂಗಳೇಶ ಕೆತ್ತಿಸಿದ, ಕ್ರಿ.ಶ. 578ರ ಶಾಸನವಿದೆ. ಈಗ ಇದೇ ಊರಿನ ಬಂಡೆಗಳಿಗೆ ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದ ಮಾರ್ಗಗಳಿವೆ, ಅವುಗಳನ್ನು ಹತ್ತಲು ಪರದೇಶದವರೂ ಬರುತ್ತಾರೆ. ಮಾರ್ಗದ ಕಷ್ಟವನ್ನು ಅಳೆಯುವ ಫ್ರೆಂಚ್ ಶ್ರೇಣಿಯಲ್ಲಿ 8ಬಿ+ ಎನಿಸಿಕೊಂಡಿರುವ ‘ಗಣೇಶ’ ಮಾರ್ಗ ಪಳಗಿದವರಿಗೂ ಬೆವರಿಳಿಸುವಂಥದ್ದು. ನಮಗೆ ಬೇಕಾದದ್ದು 4 ಅಥವಾ 5ರ ಶ್ರೇಣಿ, ಅದನ್ನು ಗೈಡಿಗೆ ಮೊದಲೇ ಹೇಳಿಬಿಡಬೇಕು. ಸ್ಮಾರಕಗಳ ಮೇಲೆ ಮತ್ತು ಸಂರಕ್ಷಿತ ಆವರಣದೊಳಗೆ ಹತ್ತುವ ಮಾತೇ ಇಲ್ಲ.

ಕಾಲದ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಏಪ್ರಿಲ್–ಮೇ ತಿಂಗಳ ಶಾಲಾ ರಜೆ ಎಷ್ಟೇ ಉದ್ದವಿರಲಿ, ಆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಊರಲಾಗುವುದಿಲ್ಲ. ದಸರೆಯ ರಜೆಗೆ ಮಳೆಯ ಭಯವಿದೆ. ಮರಳುಗಲ್ಲು ನೀರು ಕುಡಿದಾಗ ಅದರ ಕಣಗಳ ಹಿಡಿತ ಸಡಿಲವಾಗಿ, ಗಟ್ಟಿಯೆಂದು ನಂಬಿ ಹಿಡಿದ ಅಂಚೇ ಕಿತ್ತು ಬರಬಹುದು, ಹಾಗಾಗಿ ಮಳೆ ಬಿದ್ದ ಮೇಲೆ ಬಂಡೆ ಪೂರ್ತಿ ಒಣಗುವವರೆಗೆ ಕಾಯಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗಿನ ದಿನಗಳು ನಮಗೆ ಒಗ್ಗಿವೆ. ವಿಜಯಪುರದಿಂದ ಬಾಗಲಕೋಟೆಯ ಮೇಲೆ ಹೋಗುವ ರೈಲು ಹಿಡಿದು ಬಾದಾಮಿ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಐದು ಕಿಲೋಮೀಟರಿನಷ್ಟು ದೂರದ ಊರಿಗೆ ಆಟೊದಲ್ಲಿ ಹೋಗಿ ರಾತ್ರಿ ತಂಗುತ್ತೇವೆ. ಬೆಳಕು ಹರಿಯುವಾಗಲೇ ಬಂಡೆಯ ಬುಡದಲ್ಲಿರಬೇಕು.

ಗೈಡನ್ನು ಆರಿಸುವಾಗ ಚೌಕಾಸಿಗಿಂತ ವಿಚಾರಣೆ ಮುಖ್ಯ. ತರಬೇತಿ ಎಲ್ಲಿ ಆಯಿತು, ಹಗ್ಗ ಎಷ್ಟು ಹಳೆಯದು, ಮಕ್ಕಳ ಅಳತೆಯ ಹಾರ್ನೆಸ್ (ಹಗ್ಗ ಕಟ್ಟಲು ಮೈಗೆ ತೊಡುವ ಪಟ್ಟಿ) ಮತ್ತು ಹೆಲ್ಮೆಟ್ ಇವೆಯೇ, ಹಗ್ಗ ಹಾಯುವ ಮೇಲಿನ ಆಧಾರ ಎರಡು ಬೋಲ್ಟುಗಳ ಮೇಲೆ ಇರುತ್ತದೆಯೇ ಎಂದು ನಾನು ನೇರವಾಗಿ ಕೇಳುತ್ತೇನೆ. ಒಳ್ಳೆಯ ಗೈಡುಗಳು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟುಕೊಳ್ಳುವವರ ಜೊತೆ ಹೋಗದಿರುವುದೇ ಲೇಸು. ಸೊಂಟ ಇನ್ನೂ ಬಲಿಯದ ಸಣ್ಣ ಮಕ್ಕಳಿಗೆ ಸೊಂಟದ ಹಾರ್ನೆಸ್ ಸಾಲದು. ತಲೆಕೆಳಗಾದರೆ ಜಾರಿ ಹೊರಬರುವ ಸಂಭವವಿರುವುದರಿಂದ ಎದೆಯನ್ನೂ ಸುತ್ತುವ ಪೂರ್ಣ ಹಾರ್ನೆಸ್ಸೇ ಬೇಕು. ನಮ್ಮ ಮಗನಿಗೆ ಅದನ್ನೇ ತೊಡಿಸುತ್ತೇವೆ.

ಹಿಂದಿನ ರಾತ್ರಿಯೇ ಎಲ್ಲರ ಉಗುರು ಕತ್ತರಿಸಬೇಕು, ಬೆಳಿಗ್ಗೆ ಉಂಗುರ, ಬಳೆ, ಕಾಲುಂಗುರ ತೆಗೆದಿಡಬೇಕು. ಬೆರಳಿನಲ್ಲಿ ಉಂಗುರವಿದ್ದು ಅದು ಬಿರುಕಿಗೆ ಸಿಕ್ಕಿ ಮೈಭಾರ ಬಿದ್ದರೆ ಬೆರಳಿಗೇ ಅಪಾಯ. ಮಗಳ ಜಡೆಯನ್ನು ಮಡಚಿ ಅಂಗಿಯೊಳಗೆ ಸೇರಿಸಿ ಮೇಲೆ ಹೆಲ್ಮೆಟ್ ಹಾಕುತ್ತೇನೆ, ಏಕೆಂದರೆ ಇಳಿಬಿದ್ದ ಕೂದಲು ಹಗ್ಗದ ಸಾಧನದೊಳಗೆ ಸಿಕ್ಕಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಬಳೆ ತೆಗೆದು ಬರಿಗೈಯಲ್ಲಿರುವುದಕ್ಕೆ ಅತ್ತೆಯವರು ಮೊದಲು ಮುಖ ಗಂಟಿಕ್ಕಿದರೂ ಕಾರಣ ಕೇಳಿದ ಮೇಲೆ ತಾವೇ ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡರು. ಬಾದಾಮಿಯ ಮಂಗಗಳಿಂದ ಬುತ್ತಿಯ ಚೀಲ ಕಾಯುವ ಕೆಲಸವೂ ಅವರದೇ. ‘ಮಂಗ್ಯಾಗೋಳಿಗೆ ನಾ ಅದೀನಿ, ನೀವು ಹತ್ರಿ’ ಎಂದು ಬಡಿಗೆ ಹಿಡಿದು ಕೂರುತ್ತಾರೆ.

ನಾವು ಹತ್ತುವುದು ಟಾಪ್ ರೋಪ್ ಪದ್ಧತಿಯಲ್ಲಿ. ಹಗ್ಗ ಮೇಲಿನ ಆಧಾರದ ಮೂಲಕ ಹಾದು ಎರಡೂ ಕಡೆ ಕೆಳಗೆ ಬರುತ್ತದೆ. ಒಂದು ತುದಿಯನ್ನು ಹತ್ತುವವರ ಹಾರ್ನೆಸ್ಸಿಗೆ 8ರ ಆಕಾರದ ಗಂಟಿನಿಂದ ಕಟ್ಟುತ್ತಾರೆ, ಇನ್ನೊಂದು ಕಡೆ ಬಿಲೇ ಮಾಡುವವರ, ಅಂದರೆ ಕೆಳಗೆ ನಿಂತು ಹಗ್ಗ ಹಿಡಿಯುವವರ, ಸಾಧನದಲ್ಲಿರುತ್ತದೆ. ಹತ್ತುವವರು ಏರಿದಷ್ಟೂ ಕೆಳಗಿನವರು ಸಡಿಲ ಎಳೆದುಕೊಳ್ಳುತ್ತ ಹೋಗಬೇಕು. ತಾನಾಗಿ ಹಗ್ಗ ಕಚ್ಚಿ ಹಿಡಿಯುವ ಗ್ರಿಗ್ರಿಯಂಥ ಸಾಧನವಿದ್ದರೂ ಸಾಧನದಿಂದ ಹೊರಬರುವ ಹಗ್ಗವನ್ನು ಬ್ರೇಕಿನಂತೆ ಹಿಡಿಯುವ ಕೈಯನ್ನು ಕ್ಷಣಕ್ಕೂ ಬಿಡುವಂತಿಲ್ಲ, ಮೂಗು ತುರಿಸಿದರೂ ಬಿಡುವಂತಿಲ್ಲ.

ಹೊಸಬರಿಗೆ ಎತ್ತರ ಹೋದಂತೆಲ್ಲ ಭಯ ಹೆಚ್ಚುತ್ತದೆ, ನಿಜವಾದ ಎಚ್ಚರ ಬೇಕಾದದ್ದು ಮೊದಲ ಎರಡು ಮೂರು ಮೀಟರಿನಲ್ಲಿ. ಬಂಡೆ ಹತ್ತುವ ಹಗ್ಗ ಬಿದ್ದವರ ಹೊಡೆತವನ್ನು ನುಂಗುವಂತೆ ಹಿಗ್ಗುತ್ತದೆ. ಯುರೋಪಿನ ಮಾನದಂಡದಂತೆ ಒಂಟಿಯಾಗಿ ಬಳಸುವ ಹಗ್ಗ 80 ಕಿಲೋ ತೂಕಕ್ಕೆ ಶೇ 10ರವರೆಗೆ ಹಿಗ್ಗಬಹುದು. ಆಧಾರ 20 ಮೀಟರ್ ಎತ್ತರದಲ್ಲಿದ್ದರೆ ಹೋಗಿಬರುವ ಹಗ್ಗ 40 ಮೀಟರಿನಷ್ಟಾಗುತ್ತದೆ, ಅದು ಶೇ 7ರಷ್ಟು ಹಿಗ್ಗಿದರೂ ಸುಮಾರು ಮೂರು ಮೀಟರ್ ಆಯಿತು. ನೆಲ ಬಿಟ್ಟು ಆಳೆತ್ತರ ಏರಿದವರು ಕೈಜಾರಿದರೆ ಹಗ್ಗ ಹಿಡಿಯುವ ಮೊದಲೇ ಪಾದ ನೆಲಕ್ಕೆ ಬಡಿಯಬಹುದು. ಈ ಲೆಕ್ಕವನ್ನು ಗೈಡ್ ಬಾಯಲ್ಲಿ ಕೇಳಿದಾಗಿನಿಂದ ಆರಂಭದಲ್ಲಿ ನಾವು ಹಗ್ಗವನ್ನು ತಂತಿಯಂತೆ ಬಿಗಿದೇ ಹಿಡಿಯುತ್ತೇವೆ.

ತೂಕದ ಲೆಕ್ಕವೂ ಇದೆ. ನನ್ನ ಪತಿ ನನಗಿಂತ ಭಾರ, ಅವರು ಬಂಡೆಯಿಂದ ಜಾರಿದರೆ ಬಿಲೇ ಮಾಡುತ್ತಿರುವ ನಾನೇ ಮೇಲಕ್ಕೆ ಎಳೆಯಲ್ಪಡುತ್ತೇನೆ. ಅದಕ್ಕಾಗಿ ನನ್ನ ಹಾರ್ನೆಸ್ಸನ್ನು ಹಿಂದಿನಿಂದ ನೆಲದ ಆಧಾರಕ್ಕೆ ಕಟ್ಟಿರುತ್ತಾರೆ. ಮಗನನ್ನು ಇಳಿಸುವಾಗ ತೊಂದರೆ ತಿರುವುಮುರುವು. ಅವನ ಭಾರ ಕಡಿಮೆಯಾದ್ದರಿಂದ ಘರ್ಷಣೆಗೆ ಹಗ್ಗ ಸರಾಗವಾಗಿ ಹರಿಯದೆ ಅವನು ನಡುವೆಯೇ ತೂಗಾಡುತ್ತಾನೆ, ಆಗ ಹಗ್ಗವನ್ನು ಕೈಯಿಂದ ತಳ್ಳಿ ಕೊಡಬೇಕಾಗುತ್ತದೆ. ಮಕ್ಕಳು ದೊಡ್ಡವರಿಗೆ ಬಿಲೇ ಮಾಡುವುದಿಲ್ಲ. ಮಗಳು ನನ್ನ ಹಿಂದೆ ನಿಂತು ಬ್ರೇಕ್ ಬದಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾಳೆ, ಅದು ಹೆಸರಿಗಷ್ಟೇ ಕೊಟ್ಟ ಕೆಲಸವಲ್ಲ, ನನ್ನ ಕೈ ಜಾರಿದರೆ ಹಗ್ಗ ನಿಲ್ಲಿಸುವ ಎರಡನೆಯ ಕೈ ಅವಳದೇ.

ಹತ್ತುವ ಮೊದಲು ಪ್ರತಿ ಸಲವೂ ಪರಸ್ಪರ ತಪಾಸಣೆ ನಡೆಯುತ್ತದೆ. ಬಕಲ್ ಬಿಗಿದಿದೆಯೇ, ಗಂಟಿನ ಎರಡೆರಡು ಎಳೆ ಜೋಡಿಯಾಗಿ ಸಮನಾಗಿ ಕೂತಿವೆಯೇ, ಗಂಟಿನಾಚೆ ಉಳಿದ ಹಗ್ಗದ ಬಾಲ ಸಾಕಷ್ಟು ಉದ್ದವಿದೆಯೇ, ಸಾಧನವನ್ನು ಹಾರ್ನೆಸ್ಸಿಗೆ ಸಿಕ್ಕಿಸುವ ಲೋಹದ ಕೊಂಡಿಯಾದ ಕ್ಯಾರಬೀನರಿನ ತಿರುಪು ಮುಚ್ಚಿದೆಯೇ ಎಂದು ಕಣ್ಣಿಂದ ನೋಡಿ ಕೈಯಿಂದ ಮುಟ್ಟುತ್ತೇವೆ. ಈ ಕೆಲಸದಲ್ಲಿ ಮಗ ಪೊಲೀಸನಿಗಿಂತ ಕಡಕ್, ಅಪ್ಪನ ಬಕಲ್ಲನ್ನು ಎರಡು ಸಲ ಜಗ್ಗಿ ನೋಡದೆ ಬಿಡುವುದಿಲ್ಲ. ‘ಜಗ್ಗು’, ‘ಸಡಿಲು’, ‘ಇಳಸು’ ಎಂಬ ಮೂರೇ ಸೂಚನೆಗಳನ್ನು ನಿಗದಿ ಮಾಡಿಕೊಂಡಿದ್ದೇವೆ.

ಹೆಜ್ಜೇನಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎತ್ತರದ ಬಂಡೆಯ ಚಾಚಿನ ಕೆಳಗೆ ಜೇನುಹುಟ್ಟಿ ಇಳಿಬಿದ್ದಿದ್ದರೆ ಗೈಡ್ ಹೇಳುವವರೆಗೆ ಕಾಯದೆ ಜಾಗ ಬದಲಿಸಬೇಕು. ಹೊಗೆ, ಕೂಗಾಟ, ಘಾಟು ಸುಗಂಧ ಯಾವುದೂ ಬೇಡ. ಒಮ್ಮೆ ನಾವು ಆರಿಸಿದ್ದ ಸೊಗಸಾದ ಮಾರ್ಗವನ್ನು ಇದೇ ಕಾರಣಕ್ಕೆ ಬಿಟ್ಟುಕೊಟ್ಟು ಮಕ್ಕಳ ಮುನಿಸು ಸಹಿಸಿದ್ದೆವು.

ಮಗ ಮೊದಲ ಸಲ ಅರ್ಧಕ್ಕೆ ಏರಿ, ಬಂಡೆಗೆ ಕೆನ್ನೆ ಒತ್ತಿ, ‘ಅವ್ವಾ, ಸಾಕು, ಇಳಸು’ ಎಂದ. ‘ಇನ್ನೊಂದು ಹೆಜ್ಜೆ’ ಎಂದು ಹುರಿದುಂಬಿಸುವ ಚಟ ದೊಡ್ಡವರಿಗೆ ಇರುತ್ತದೆ, ಗೈಡ್ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ, ಕೂಡಲೇ ಇಳಿಸಲು ಹೇಳಿದರು. ಇಳಿಯುವಾಗ ಹಗ್ಗದ ಮೇಲೆ ಕೂತು, ಕಾಲು ಅಗಲಿಸಿ, ಪಾದದಿಂದ ಬಂಡೆಯನ್ನು ತಳ್ಳುತ್ತ ಬರುವುದನ್ನು ಅವನು ಕಲಿತದ್ದು ಆಗಲೇ. ಕೇಳಿದ ತಕ್ಷಣ ಇಳಿಸುತ್ತಾರೆಂಬ ನಂಬಿಕೆ ಬಂದ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿಂದು, ತಾನಾಗಿಯೇ ಎದ್ದು ಅದೇ ಮಾರ್ಗವನ್ನು ಕೊನೆಮುಟ್ಟಿಸಿದ.

ಈಗ ಮಗಳಿಗೆ ಲೀಡ್ ಹತ್ತುವ ಆಸೆ ಹುಟ್ಟಿದೆ. ಅಲ್ಲಿ ಹಗ್ಗ ಮೇಲಿನಿಂದ ಬರುವುದಿಲ್ಲ, ಹತ್ತುವವರೇ ಬೋಲ್ಟಿನಿಂದ ಬೋಲ್ಟಿಗೆ ಸಿಕ್ಕಿಸುತ್ತ ಹೋಗಬೇಕು, ಜಾರಿದರೆ ಕೊನೆಯ ಬೋಲ್ಟಿನ ಕೆಳಗಿನವರೆಗೂ ಬೀಳಬೇಕಾಗುತ್ತದೆ. ಶಿಬಿರದಲ್ಲಿ ವಿಧಿವತ್ತಾಗಿ ಬೀಳುವುದನ್ನೂ ಕಲಿತು ಬರುವವರೆಗೆ ಅದು ಬೇಡವೆಂದು ಹೇಳಿದ್ದೇವೆ, ಅವಳ ಜೊತೆಗೆ ಲೀಡ್ ಬಿಲೇ ಕಲಿಯಲು ನಾನೂ ಹೆಸರು ಕೊಡಬೇಕೆಂದಿದ್ದೇನೆ.