ಹಾವಿಗೆ ಇಲಿ ಹಾಕುವ ಮುನ್ನ ಇಲಿಯ ಊರು ಕೇಳಿ

ಹೋದ ಮಳೆಗಾಲದಲ್ಲಿ ನವನಗರದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾರ, ನಮ್ಮ ಕಾಕಾರ ಗೋದಾಮಿನ್ಯಾಗ ಬೋನಿಗೆ ಒಂದು ಇಲಿ ಬಿದ್ದೈತ್ರಿ. ಹಾವಿಗೆ ಹಾಕ್ಲೇನ್ರಿ?" ಅವನ ಮನೆಯಲ್ಲಿ ಒಂದು ಬಾಲ್ ಪೈತಾನ್ ಇದೆ. ಆ ವಾರ ಅದಕ್ಕೆ ಊಟ ಸಿಕ್ಕಿರಲಿಲ್ಲ. "ಬ್ಯಾಡಪಾ, ಹಾವು ಇನ್ನೊಂದು ವಾರ ಉಪವಾಸ ಇದ್ದರೂ ನಡೀತೈತಿ" ಅಂದೆ. ಯಾಕೆ ಅನ್ನುವುದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಾಗರಹಾವು, ಕೇರೆಹಾವು, ಹೆಬ್ಬಾವು ಹೀಗೆ ನಮ್ಮ ನೆಲದ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಆಫ್ರಿಕಾ ಮೂಲದ ಬಾಲ್ ಪೈತಾನ್ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದ ಸರಿ ಇದ್ದವರಿಗೆ ಮುಂದಿನ ಮಾತು.

ಮೊದಲ ಹೆಜ್ಜೆ: ಇಲಿ ಎಲ್ಲಿಂದ ಬಂತು?

ಬೋನಿಗೆ ಬಿದ್ದ ಇಲಿ, ಗಟಾರದ ಹೆಗ್ಗಣ, ಹೊಲದ ಇಲಿ ಇವು ಮೂರೂ ಬೇಡವೇ ಬೇಡ. ಇದರಲ್ಲಿ ರಾಜಿ ಇಲ್ಲ.

ಒಂದು ಕಾರಣ ವಿಷ. ಗೋದಾಮಿನಲ್ಲಿ, ಹೊಲದಲ್ಲಿ ಇಲಿ ಪಾಷಾಣ ಇಟ್ಟಿರುತ್ತಾರೆ. ಅದನ್ನು ತಿಂದ ಇಲಿ ತಕ್ಷಣ ಸಾಯದೆ ಓಡಾಡಿಕೊಂಡಿರಬಹುದು. ಅದನ್ನು ನುಂಗಿದ ಹಾವಿನ ಹೊಟ್ಟೆಗೂ ವಿಷ ಹೋಗುತ್ತದೆ.

ಇನ್ನೊಂದು ಕಾರಣ ಹುಳ. ಕಾಡುಹಾವಿನ ದೇಹದಲ್ಲಿ ಇರುವ ಕೆಲವು ಜಂತುಗಳ ಮೊಟ್ಟೆ ಅದರ ಮಲದ ಜೊತೆ ನೆಲಕ್ಕೆ ಬೀಳುತ್ತದೆ. ಆ ನೆಲದ ಕಾಳು, ಹುಲ್ಲು ತಿಂದ ಇಲಿಯೊಳಗೆ ಮೊಟ್ಟೆ ಒಡೆದು ಮರಿ ಹುಳ ಆಗುತ್ತದೆ. ಮರಿ ಅಲ್ಲೇ ಮಾಂಸದಲ್ಲಿ, ಯಕೃತ್ತಿನಲ್ಲಿ ಕಾಯುತ್ತಾ ಕೂರುತ್ತದೆ. ಇಲಿಯನ್ನು ಹಾವು ನುಂಗಿತೋ, ಹುಳಕ್ಕೆ ತನ್ನ ಮನೆ ಸಿಕ್ಕಿದಂತೆ. ಒಫಿಡಾಸ್ಕಾರಿಸ್ ಅನ್ನುವ ಜಂತು ಹೀಗೇ ಬದುಕುತ್ತದೆ. ಹಾವಿನ ಶ್ವಾಸಕೋಶದಲ್ಲಿ ಬೆಳೆಯುವ ಪೆಂಟಾಸ್ಟೋಮ್ ಹುಳಗಳಲ್ಲೂ ಹಲವು ಇದೇ ದಾರಿ ಹಿಡಿಯುತ್ತವೆ. 2022ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಒಬ್ಬ ಮಹಿಳೆಯ ಮೆದುಳಿನಿಂದ ವೈದ್ಯರು ಸುಮಾರು 8 ಸೆಂ.ಮೀ. ಉದ್ದದ ಜೀವಂತ ಹುಳ ತೆಗೆದರಲ್ಲ, ಅದು ಅಲ್ಲಿನ ಕಾರ್ಪೆಟ್ ಹೆಬ್ಬಾವಿನ ಒಫಿಡಾಸ್ಕಾರಿಸ್ ಹುಳ. ಆಕೆ ಹಾವು ಸಾಕಿದವರಲ್ಲ. ಕೆರೆಯ ಹತ್ತಿರ ಕಿತ್ತು ತಂದ ಸೊಪ್ಪಿನಿಂದ ಮೊಟ್ಟೆ ಹೊಟ್ಟೆ ಸೇರಿರಬೇಕು ಎಂದು ವೈದ್ಯರು ಅಂದಾಜಿಸಿದರು.

ಇನ್ನು ಇಲಿಜ್ವರ. ಹೆಗ್ಗಣದ ಮೂತ್ರದಲ್ಲಿ ಆ ರೋಗಾಣು ಇರಬಹುದು. ಬೋನು ಎತ್ತುವ ಕೈಗೇ ಮೊದಲ ಅಪಾಯ, ಹಾವಿಗಲ್ಲ.

ಎರಡನೆಯದು: ಇಲಿ ಏನು ತಿಂದು ಬೆಳೆಯಿತು?

ಸಾಕಿದ ಇಲಿ ಅಂದಮೇಲೆ ಶುದ್ಧ ಅಂದುಕೊಳ್ಳುತ್ತೇವೆ. ಅದು ತಿನ್ನುವ ಕಾಳನ್ನು ಯಾರೂ ನೋಡುವುದಿಲ್ಲ. ನಮ್ಮ ಕಡೆ ಇಲಿ ಸಾಕುವವರು ಜೋಳ, ಗೋಧಿ ನುಚ್ಚು ಹಾಕುತ್ತಾರೆ. ಹುಳ ಹಿಡಿದು ಮಾರಾಟಕ್ಕೆ ಬಾರದ ಕಾಳು ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಸುರಿಯುತ್ತಾರೆ. ಇಲಿಗೆ ಬರುವ ಒಂದು ಲಾಡಿಹುಳಕ್ಕೆ ಬೇಕಾದದ್ದು ಇದೇ. ಹೈಮೆನೋಲೆಪಿಸ್ ಡಿಮಿನ್ಯೂಟ ಅಂತ ಅದರ ಹೆಸರು. ಇಲಿ ಹಿಕ್ಕೆಯಲ್ಲಿನ ಮೊಟ್ಟೆಯನ್ನು ಹಿಟ್ಟಿನ ಕೆಂಪು ಹುಳ ತಿನ್ನುತ್ತದೆ. ಆ ಹುಳವನ್ನು ಕಾಳಿನ ಜೊತೆ ಇಲಿ ತಿನ್ನುತ್ತದೆ. ಚಕ್ರ ಪೂರ್ತಿ ಆಯಿತು. ಹಿಂದೆ ನಮ್ಮ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ಗಾಳಿ ಆಡದಂತೆ ಬಾಯಿ ಮುಚ್ಚುತ್ತಿದ್ದರು. ಹುಳ ಬೀಳಬಾರದು ಅನ್ನುವ ಎಚ್ಚರ ಅದರಲ್ಲಿತ್ತು. ಇಲಿಯ ಕಾಳಿಗೂ ಅಷ್ಟೇ ಎಚ್ಚರ ಬೇಕು. ಒಣಗಿಸಿ, ಜರಡಿ ಹಿಡಿದು, ಬಿಗಿ ಡಬ್ಬಿಯಲ್ಲಿ ಇಡಿ.

ಈ ಲಾಡಿಹುಳ ಹಾವಿನಲ್ಲಿ ನೆಲೆಸುವುದಿಲ್ಲ. ಆದರೆ ಇದರ ತಮ್ಮನಂಥ ಹೈಮೆನೋಲೆಪಿಸ್ ನಾನ ಇದೆಯಲ್ಲ, ಅದಕ್ಕೆ ನಡುವೆ ಹುಳವೂ ಬೇಕಿಲ್ಲ. ಮೊಟ್ಟೆ ನೇರವಾಗಿ ಮನುಷ್ಯರ ಹೊಟ್ಟೆ ಸೇರಬಹುದು. ಮಕ್ಕಳಲ್ಲಿ ಜಾಸ್ತಿ. ಇಲಿ ಪೆಟ್ಟಿಗೆ ತೊಳೆಯುವ ಕೆಲಸ ಮಕ್ಕಳಿಗೆ ಕೊಡಬೇಡಿ ಅನ್ನುವುದು ಇದಕ್ಕೇ.

ಇಲಿ ಕೊಳ್ಳಲು ಹೋದಾಗ ಬೆಕ್ಕು ಕಾಳಿನ ಚೀಲದ ಮೇಲೆ ಮಲಗಿದೆಯಾ ನೋಡಿ. ಬೆಕ್ಕಿನ ಮಲ ತಾಗಿದ ಕಾಳು ತಿಂದ ಇಲಿಯ ಯಕೃತ್ತಿನಲ್ಲಿ ಬಟಾಣಿ ಗಾತ್ರದ ಬಿಳಿ ಗುಳ್ಳೆ ಕಟ್ಟುತ್ತದೆ. ಅದು ಬೆಕ್ಕಿನ ಲಾಡಿಹುಳದ ಮರಿ. ಹಾವಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ, ಆದರೆ ಸಾಕುವ ಜಾಗ ಎಷ್ಟು ತೆರೆದಿದೆ ಎಂದು ಆ ಗುಳ್ಳೆ ತೋರಿಸಿಕೊಡುತ್ತದೆ. ಇಲಿಯ ಕೂದಲು ಉದುರಿದೆಯಾ, ಕೆರೆದುಕೊಳ್ಳುತ್ತಿದೆಯಾ, ಬಾಲದ ಬುಡ ಒದ್ದೆ ಇದೆಯಾ, ಇಷ್ಟನ್ನೂ ಕಣ್ಣಲ್ಲೇ ನೋಡಬಹುದು. ಮೈಟ್ ಅನ್ನುವ ಪುಟ್ಟ ಹುಳ ಹತ್ತಿದ ಇಲಿ ಕೆರೆದೂ ಕೆರೆದೂ ಗಾಯ ಮಾಡಿಕೊಂಡಿರುತ್ತದೆ. ಇಲಿಯ ರಕ್ತ ಹೀರುವ ಒಂದು ಬಗೆಯ ಮೈಟ್ ನಮ್ಮನ್ನೂ ಕಚ್ಚುತ್ತದೆ.

ನೀವೇ ಸಾಕುವುದಾದರೆ ಹೊಸ ಇಲಿಯನ್ನು ಮೂರ್ನಾಲ್ಕು ವಾರ ಬೇರೆ ಕೋಣೆಯಲ್ಲಿಡಿ. ಪಿನ್‌ವರ್ಮ್ ಅನ್ನುವ ಕರುಳಿನ ಪುಟ್ಟ ಜಂತು ಇದೆಯಾ ನೋಡಲು ಸುಲಭದ ದಾರಿ ಇದೆ. ಪಾರದರ್ಶಕ ಸೆಲೋಟೇಪನ್ನು ಗುದದ ಸುತ್ತ ಒತ್ತಿ, ಗಾಜಿನ ಚೂರಿಗೆ ಅಂಟಿಸಿ ಪಶುವೈದ್ಯರ ಹತ್ತಿರ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತದೆ. ಒಂದು ಜಾತಿಯ ಪಿನ್‌ವರ್ಮ್ ಅಲ್ಲಿ ಮೊಟ್ಟೆ ಇಡುವುದಿಲ್ಲ, ಹಾಗಾಗಿ ಹಿಕ್ಕೆಯನ್ನೂ ಜೊತೆಗೆ ಕೊಡಿ.

ಮೂರನೆಯದು: ಫ್ರೀಜರ್

ಸತ್ತ, ಹೆಪ್ಪುಗಟ್ಟಿಸಿದ ಇಲಿಯನ್ನೇ ಕೊಳ್ಳಿ. ಬದುಕಿರುವ ಇಲಿಯನ್ನು ಫ್ರೀಜರ್‌ಗೆ ಹಾಕುವುದು ಕ್ರೌರ್ಯ, ದಯವಿಟ್ಟು ಮಾಡಬೇಡಿ. ಬದುಕಿರುವುದನ್ನು ಹಾವಿನ ಮುಂದೆ ಬಿಡುವುದೂ ಒಳ್ಳೆಯದಲ್ಲ. ಇಲಿ ತಿರುಗಿ ಕಚ್ಚಿ ಹಾವಿನ ಕಣ್ಣು, ಬೆನ್ನು ಹಾಳಾದದ್ದನ್ನು ನೋಡಿದ್ದೇನೆ.

ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 30 ದಿನ ಇಟ್ಟರೆ ಮೈಟ್, ಹೇನು, ಹೆಚ್ಚಿನ ಜಂತುಮರಿಗಳು ಸಾಯುತ್ತವೆ. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದೆ ಇರಬಹುದು. ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಬೇಸಿಗೆಯಲ್ಲಿ ತಾಸುಗಟ್ಟಲೆ ಕರೆಂಟ್ ಹೋಗಿ ಇಲಿ ಮೆತ್ತಗಾದರೆ ಅದನ್ನು ಎಸೆಯಿರಿ. ಸುಮ್ನೆ ಮತ್ತೆ ಹೆಪ್ಪುಗಟ್ಟಿಸಬೇಡಿ. ಮೆತ್ತಗಾಗದಿದ್ದರೂ ಥರ್ಮಾಮೀಟರ್ ಮೇಲೇರಿದ್ದರೆ 30 ದಿನವನ್ನು ಮತ್ತೆ ಮೊದಲಿಂದ ಎಣಿಸಿ.

ನಮ್ಮ ಮನೆಯಲ್ಲಿ ಈ ಹೆಜ್ಜೆಯೇ ಕಷ್ಟದ್ದಾಗಿತ್ತು. ತತ್ತಿಯನ್ನೂ ಒಳಗೆ ತರದ ಮನೆ ನಮ್ಮದು. "ರೊಟ್ಟಿ ಹಿಟ್ಟು ಇಡೋ ಫ್ರಿಜ್ಜಿನ್ಯಾಗ ಇಲಿ ಇಟ್ಟೀ ಅಂದ್ರ ನಾ ಮನ್ಯಾಗ ಇರಂಗಿಲ್ಲ" ಅಂದಳು ಅವ್ವ. ಅವಳ ಮಾತು ಸರಿ ಇತ್ತು. ವಾಂತಿ ಭೇದಿ ತರುವ ಸಾಲ್ಮೊನೆಲ್ಲ ರೋಗಾಣು ಥಂಡಿಗೆ ಸಾಯುವುದಿಲ್ಲ. 2010ರ ಹೊತ್ತಿಗೆ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಹಾವಿಗೆಂದು ಮಾರಿದ ಹೆಪ್ಪುಗಟ್ಟಿದ ಇಲಿಗಳಿಂದಲೇ ಜನರಿಗೆ ಸಾಲ್ಮೊನೆಲ್ಲ ಬಂದಿತ್ತು. ಹಳೆಯ ಸಣ್ಣ ಫ್ರೀಜರ್ ಒಂದನ್ನು ಕೊಂಡು ಹಿತ್ತಲ ಕೋಣೆಯಲ್ಲಿ ಇಟ್ಟೆ. ನೀವೂ ಬೇರೆಯದೇ ಇಡಿ.

ನಾಲ್ಕನೆಯದು: ಕರಗಿಸಿ ಕೊಡುವುದು

ಊಟ ಕೊಡುವ ದಿನವೇ ಫ್ರೀಜರ್‌ನಿಂದ ತೆಗೆದು ಜಿಪ್ ಚೀಲದಲ್ಲಿ ಹಾಕಿ, ತಣ್ಣೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ. ಅರ್ಧ ತಾಸಿಗೊಮ್ಮೆ ನೀರು ಬದಲಿಸಿ, ರಾತ್ರಿಯಿಡೀ ಬಿಡಬೇಡಿ. ಕರಗಿದ ಮೇಲೆ ಹತ್ತು ನಿಮಿಷ ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ. ಇಕ್ಕಳದಿಂದ ಕೊಡಿ. ಬಕೆಟ್, ಇಕ್ಕಳ ಇದೇ ಕೆಲಸಕ್ಕೆ ಮೀಸಲಿರಲಿ, ಬಚ್ಚಲಿನ ಬಕೆಟ್ ಅಲ್ಲ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳನ್ನು ಇದರ ಹತ್ತಿರ ಬಿಡಬೇಡಿ.

ಐದನೆಯದು: ಹಾವಿನ ಮಲ ಪರೀಕ್ಷೆ

ಎರಡು ವರ್ಷದ ಕೆಳಗೆ ನನ್ನ ಹಾವಿನ ರಿಪೋರ್ಟಿನಲ್ಲಿ ಪಿನ್‌ವರ್ಮ್ ಮೊಟ್ಟೆ ಇವೆ ಎಂದು ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪಶುವೈದ್ಯರು ರಿಪೋರ್ಟ್ ನೋಡುವ ಮೊದಲೇ ಕೇಳಿದರು, "ಏನ್ ತಿನ್ನಿಸಿದ್ರಿ?" ಇಲಿಯ ಹೊಟ್ಟೆಯಲ್ಲಿದ್ದ ಮೊಟ್ಟೆ ಹಾವಿನ ಹೊಟ್ಟೆ ದಾಟಿ ಹಾಗೇ ಹೊರಗೆ ಬಂದಿತ್ತು. ಹಾವಿಗೆ ರೋಗವೇ ಇರಲಿಲ್ಲ. ಇಲಿಯ ಮೈಮೇಲಿನ ಮೈಟ್ ಕೂಡ ಹೀಗೇ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಪ್ಪುಗಟ್ಟಿಸಿದಾಗ ಸತ್ತ ಮೊಟ್ಟೆಯೂ ಕಾಣಬಹುದು.

ಕ್ರಿಪ್ಟೋಸ್ಪೊರಿಡಿಯಂ ಅನ್ನುವ, ಕಣ್ಣಿಗೆ ಕಾಣದ ಪರಜೀವಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಇಲಿಯ ಕ್ರಿಪ್ಟೋ ಹಾವಿನಲ್ಲಿ ಸುಮ್ನೆ ಹಾದು ಹೋಗುತ್ತದೆ. ಹಾವಿನದೇ ಆದ ಕ್ರಿಪ್ಟೋ ಬೇರೆ. ಅದು ಜಠರದ ಗೋಡೆ ದಪ್ಪ ಮಾಡುತ್ತದೆ. ಹಾವು ತಿಂದದ್ದನ್ನು ಕಕ್ಕುತ್ತದೆ, ಮೈ ನಡುವೆ ಊದಿಕೊಳ್ಳುತ್ತದೆ. ಎರಡರಲ್ಲಿ ಯಾವುದು ಎಂದು ಪಿಸಿಆರ್ ಪರೀಕ್ಷೆಯಲ್ಲಿ ತಿಳಿಯುತ್ತದೆ. ಒಂದೇ ರಿಪೋರ್ಟ್ ನೋಡಿ ಹಾವಿನ ಮೇಲೆ ಆಸೆ ಬಿಡಬೇಡಿ.

ಮಲ ಬಿದ್ದ ದಿನವೇ, ಬಿಳಿ ಸುಣ್ಣದಂಥ ಭಾಗ ಬಿಟ್ಟು, ಕಂದು ಭಾಗವನ್ನು ಸ್ವಚ್ಛ ಡಬ್ಬಿಯಲ್ಲಿ ತುಂಬಿ. ಡಬ್ಬಿ ತಂಪಾಗಿರಲಿ, ಹೆಪ್ಪುಗಟ್ಟುವುದು ಬೇಡ. ಮೇಲೆ ಮೂರು ವಿಷಯ ಬರೆಯಿರಿ: ಕೊನೆಯ ಊಟದ ದಿನ, ಚಿಕ್ಕ ಇಲಿಯೋ ದೊಡ್ಡ ಇಲಿಯೋ, ಎಷ್ಟು ದಿನ ಫ್ರೀಜರ್‌ನಲ್ಲಿತ್ತು. ನೋಡುವವರಿಗೆ ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ. ಧಾರವಾಡದಲ್ಲಿ ಹಾವು ನೋಡುವ ಪಶುವೈದ್ಯರು ಹತ್ತಿರ ಸಿಗದಿದ್ದರೆ ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ ನೋಡಿ.

ಕುರಿಗೆ ತಂದ ಜಂತಿನ ಔಷಧಿ ಮನೆಯಲ್ಲಿ ಉಳಿದಿದೆ ಅಂತ ಅಂದಾಜಿನ ಮೇಲೆ ಹಾವಿನ ಬಾಯಿಗೆ ಹಾಕಬೇಡಿ. ಮೆಟ್ರೊನಿಡಜೋಲ್ ಅನ್ನುವ ಔಷಧಿಯ ಪ್ರಮಾಣ ಜಾಸ್ತಿಯಾದರೆ ಹಾವಿನ ನರಕ್ಕೇ ಪೆಟ್ಟು ಬೀಳುತ್ತದೆ. ತೂಕ ನೋಡಿ ವೈದ್ಯರು ಬರೆದರಷ್ಟೇ ಔಷಧಿ.

ನವನಗರದ ಹುಡುಗ ಈಗ ಫ್ರೀಜರ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದ್ದಾನೆ. ಇಲಿ ಒಳಗೆ ಹೋದ ದಿನಕ್ಕೆ ನೀಲಿ ಗುರುತು, 30 ದಿನ ತುಂಬಿದ ದಿನಕ್ಕೆ ಕೆಂಪು. ಕೆಂಪು ಬಾರದೆ ಚೀಲ ಬಿಚ್ಚುವುದಿಲ್ಲ.